ಸಹಿ ಹಾಕಬಲ್ಲ ಮಾತು



ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974ರ ನವೆಂಬರ್ ತಿಂಗಳ ಕೊನೆಗೆ, ಇದೇ ದೆಹಲಿಯಲ್ಲಿ ಒಂದು ಸಂಗೀತಿ ನಡೆಯಿತು. ಸಂಗೀತಿಯೆಂದರೆ ಎಲ್ಲರೂ ಕೂಡಿ ಪಠಿಸಿ, ವಿಚಾರಿಸಿ, ಒಪ್ಪುವ ಸಭೆ. ಜೈನರೆಲ್ಲರಿಗೂ ಸಮ್ಮತವಾದ ಒಂದು ಗ್ರಂಥವಿರಬೇಕೆಂಬುದು ವಿನೋಬಾ ಭಾವೆಯವರ ಆಶಯವಾಗಿತ್ತು. ಪಾಣಿಪತ್ತಿನ ಜಿನೇಂದ್ರ ವರ್ಣಿಯವರು ಆ ಸಂಕಲನದ ಹೊಣೆ ಹೊತ್ತರು. ಕರಡನ್ನು ವಿದ್ವಾಂಸರಿಗೆ ಕಳುಹಿಸಿ ಅಭಿಪ್ರಾಯ ಪಡೆಯಲಾಯಿತು. ಗ್ರಂಥದ ಹೆಸರು ಸಹ ಒಂದಕ್ಕಿಂತ ಹೆಚ್ಚು ಬಾರಿ ಬದಲಾಯಿತು. ಕೊನೆಗೆ ದಿಗಂಬರ, ಮೂರ್ತಿಪೂಜಕ, ಸ್ಥಾನಕವಾಸಿ, ತೇರಾಪಂಥ ಎಂಬ ನಾಲ್ಕು ಪರಂಪರೆಗಳ ಮುನಿಗಳೂ ಪಂಡಿತರೂ ಒಟ್ಟಿಗೆ ಕುಳಿತು ಅದನ್ನು ತೂಗಿ ನೋಡಿದರು. ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ ಜನಿಸಿದ ವಿದ್ಯಾನಂದ ಮುನಿಗಳೂ ಅವರಲ್ಲಿದ್ದರು. ಅದರ ಫಲವೇ 756 ಗಾಥೆಗಳ ‘ಸಮಣಸುತ್ತಂ’.

ಬರೆಹದ ವಿಷಯದಲ್ಲಿ ಇಷ್ಟು ಎಚ್ಚರ ತೋರಿದ ಸಮಾಜ, ಬಾಯಿಮಾತಿನ ವಿಷಯದಲ್ಲಿ ಅದರ ಹತ್ತರಲ್ಲೊಂದು ಪಾಲನ್ನಾದರೂ ತೋರುತ್ತಿದೆಯೇ? ಇಂದಿನ ವಿಚಾರ ಅದು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಮಿಥ್ಯೋಪದೇಶವೆಂದರೆ ತಪ್ಪು ದಾರಿಗೆಳೆಯುವ ಬೋಧನೆ. ರಹೋಭ್ಯಾಖ್ಯಾನವೆಂದರೆ ಪರರ ಏಕಾಂತದ ಸಂಗತಿಯನ್ನು ಬಯಲು ಮಾಡುವುದು. ಕೂಟಲೇಖಕ್ರಿಯೆಯೆಂದರೆ ಸುಳ್ಳು ಪತ್ರದ ರಚನೆ. ನ್ಯಾಸಾಪಹಾರವೆಂದರೆ ಒತ್ತೆಯಿಟ್ಟ ವಸ್ತುವಿನ ಅಪಹಾರ. ಸಾಕಾರಮಂತ್ರಭೇದವೆಂದರೆ ಮುಖಭಾವದಿಂದ ಇನ್ನೊಬ್ಬರ ಮನಸ್ಸನ್ನು ಊಹಿಸಿ, ಅಸೂಯೆಯಿಂದ ಅದನ್ನು ಹೊರಗೆಡಹುವುದು. ಐದರಲ್ಲಿ ಲೇಖನಿಯಿಂದ ಆಗುವ ದೋಷ ಒಂದೇ. ನ್ಯಾಸಾಪಹಾರವನ್ನೂ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಮಾತಿನ ದೋಷವಾಗಿಯೇ ವಿವರಿಸುತ್ತಾರೆ. ಒತ್ತೆಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಅನುಮೋದಿಸಿದರೆ ಅದೇ ಅಪಹಾರ. ಕದಿಯುವುದಕ್ಕೆ ಪೆಟ್ಟಿಗೆಯ ಬೀಗ ಒಡೆಯಬೇಕಾಗಿಲ್ಲ, ಎರಡು ಪದಗಳು ಸಾಕು.

ವ್ಯಾಪಾರ ವ್ಯವಹಾರಗಳಲ್ಲಿ ಪಳಗಿದ ಜೈನರು ಕೂಟಲೇಖಕ್ಕೆ ಹೆದರುತ್ತಾರೆ, ಏಕೆಂದರೆ ಅದಕ್ಕೆ ಪರಿಶೋಧನೆಯುಂಟು. ಲೆಕ್ಕಪರಿಶೋಧಕನ ವರದಿಯಲ್ಲಿ ‘ಇದನ್ನು ಹೊರತುಪಡಿಸಿ’ ಎಂಬ ಎರಡು ಪದಗಳು ಸೇರಿದರೆ ಬ್ಯಾಂಕು ಸಾಲ ಕೊಡುವ ಮೊದಲು ಮತ್ತೊಮ್ಮೆ ಯೋಚಿಸುತ್ತದೆ. 2019ರಿಂದ ಪರಿಶೋಧಕನು ಸಹಿ ಮಾಡುವ ವರದಿಗೂ ಪ್ರಮಾಣಪತ್ರಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆ ಕಡ್ಡಾಯವಾಗಿದೆ. ಅದೇ ಪರಿಶೋಧಕನು ದೂರವಾಣಿಯಲ್ಲಿ ‘ಏನೂ ಆಗುವುದಿಲ್ಲ, ಮಾಡಿ’ ಎಂದರೆ ಅದಕ್ಕೆ ಸಂಖ್ಯೆಯೂ ಇಲ್ಲ, ಸಹಿಯೂ ಇಲ್ಲ. ಕೇಳಿದವನು ಮಾತ್ರ ಆ ಮಾತನ್ನೇ ನಂಬಿ ಹಣ ಹೂಡುತ್ತಾನೆ.

ಸಂಸತ್ತಿನ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ. ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯರನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲವೆಂದು ಸಂವಿಧಾನದ 105ನೆಯ ವಿಧಿ ರಕ್ಷಣೆ ನೀಡಿದೆ. ಅಸಭ್ಯವಾದ, ಮಾನಹಾನಿಕರವಾದ ಪದಗಳನ್ನು ಕಡತದಿಂದ ತೆಗೆಸಲು ಲೋಕಸಭೆಯ 380ನೆಯ ನಿಯಮ ಸಭಾಧ್ಯಕ್ಷರಿಗೆ ಅಧಿಕಾರ ಕೊಟ್ಟಿದೆ. ಕಡತವೇನೋ ಶುದ್ಧವಾಗುತ್ತದೆ. ಆದರೆ ನೇರ ಪ್ರಸಾರದಲ್ಲಿ ಆ ಮಾತು ಅಷ್ಟು ಹೊತ್ತಿಗೆ ಊರೂರು ತಲುಪಿರುತ್ತದೆ. ಯಾವ ಪಕ್ಷದವರು ಆಡಿದರೂ ಚಪ್ಪಾಳೆ ತಟ್ಟುವ ಶ್ರಾವಕನು ಅದರ ಪಾಲುದಾರನೇ. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಕರ್ಮಬಂಧಕ್ಕೆ ಕಾರಣವೆಂದು ಹೇಳುವ ಧರ್ಮದಲ್ಲಿ ಚಪ್ಪಾಳೆಗೆ ವಿನಾಯಿತಿ ದೊರೆಯದು.

ಸಂಸತ್ತು ದೂರವೆನಿಸಿದರೆ ಬಸದಿಯ ವಾರ್ಷಿಕ ಸಭೆಯನ್ನು ನೋಡಬಹುದು. ಯಾರೋ ಒಬ್ಬರು ಎದ್ದು ಖಜಾಂಚಿಯ ಕಡೆ ಕೈತೋರಿಸಿ, ‘ಹಣ ಎಲ್ಲಿ ಹೋಯಿತೆಂದು ಎಲ್ಲರಿಗೂ ಗೊತ್ತು’ ಎನ್ನುತ್ತಾರೆ. ರಸೀದಿಯಿಲ್ಲ, ಮೊತ್ತವಿಲ್ಲ. ನಡಾವಳಿ ಪುಸ್ತಕದಲ್ಲಿ ‘ಲೆಕ್ಕಪತ್ರಗಳ ಬಗ್ಗೆ ಚರ್ಚೆ ನಡೆಯಿತು’ ಎಂಬ ಒಂದು ಸಾಲು ಉಳಿಯುತ್ತದೆ. ಮುಂದಿನ ವರ್ಷ ಆ ಖಜಾಂಚಿಯ ಮನೆಯವರು ಪೂಜೆಗೆ ಬರುವುದಿಲ್ಲ. ಊರಿನಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ, ಬೆರಳೆಣಿಕೆಯ ಕನ್ನಡ ಜೈನ ಮನೆಗಳ ನಡುವೆ, ಒಂದು ಮನೆ ದೂರವಾಗುವುದು ಸಣ್ಣ ನಷ್ಟವಲ್ಲ. ಲೆಕ್ಕ ಕೇಳುವುದು ತಪ್ಪಲ್ಲ, ಅದು ಕರ್ತವ್ಯ. ಅನುಮಾನವನ್ನು ತೀರ್ಪಿನ ಧಾಟಿಯಲ್ಲಿ ಹೇಳುವುದು ತಪ್ಪು.

ಇನ್ನು ವಧುವರರ ಮಾತುಕತೆ. ವರದಕ್ಷಿಣೆಯ ಬೇಡಿಕೆಯನ್ನು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ. ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಕೊಡುವುದು ನಿಮಗೆ ಬಿಟ್ಟದ್ದು, ದೊಡ್ಡ ಮಗನ ಮದುವೆಯಲ್ಲಿ ಬೀಗರು ಕಾರು ಕೊಟ್ಟಿದ್ದರು’ ಎಂದು ಚಹಾದ ನಡುವೆ ನಗುತ್ತ ಹೇಳಿದ ಮಾತಿಗೆ, ಗುರುಗ್ರಾಮದಲ್ಲೋ ನೊಯ್ಡಾದಲ್ಲೋ ದುಡಿಯುವ ತಂದೆ ಭವಿಷ್ಯನಿಧಿಯನ್ನು ಖಾಲಿ ಮಾಡುತ್ತಾನೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಪರೋಕ್ಷವಾದ ಬೇಡಿಕೆಯನ್ನೂ ಅಪರಾಧವೆಂದೇ ಎಣಿಸಿದೆ. ಆ ನಗುಮುಖದ ಮಾತಿಗೆ ಸಾಕ್ಷಿ ಸಿಗುವುದು ಮಾತ್ರ ಕಷ್ಟ.

ಇದಕ್ಕೆ ಪರಿಹಾರವೂ ತತ್ತ್ವಾರ್ಥಸೂತ್ರದಲ್ಲಿಯೇ ಇದೆ. ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭಯ, ಹಾಸ್ಯ ಈ ನಾಲ್ಕರ ತ್ಯಾಗ ಸೇರಿದೆ. ಐದನೆಯದು ಅನುವೀಚಿಭಾಷಣ, ಅಂದರೆ ವಿಚಾರಿಸಿ ಆಡುವ ಮಾತು. ಹಾಸ್ಯವೂ ಈ ಪಟ್ಟಿಯಲ್ಲಿರುವುದನ್ನು ಗಮನಿಸಬೇಕು. ‘ತಮಾಷೆಗೆ ಹೇಳಿದ್ದು’ ಎಂಬ ಸಮಜಾಯಿಷಿಗೆ ಆಚಾರ್ಯರು ಬಹಳ ಹಿಂದೆಯೇ ಬಾಗಿಲು ಮುಚ್ಚಿದ್ದಾರೆ.

ವಿಚಾರಿಸುವುದಕ್ಕೆ ಗೃಹಸ್ಥರಿಗೊಂದು ಸುಲಭವಾದ ಅಳತೆ ಉಂಟು. ಆಡಲಿರುವ ಮಾತನ್ನು ಕಾಗದದ ಮೇಲೆ ಬರೆದು ಕೊಟ್ಟರೆ ಅದರ ಕೆಳಗೆ ಹೆಸರು, ದಿನಾಂಕ ಹಾಕಿ ಸಹಿ ಮಾಡಲು ಸಾಧ್ಯವೇ? ಸಾಧ್ಯವಿದ್ದರೆ ಆಡಲಿ, ಇಲ್ಲದಿದ್ದರೆ ಅದು ನಾಲಗೆಗೂ ತಕ್ಕ ಮಾತಲ್ಲ. ಖಜಾಂಚಿಯನ್ನು ಪ್ರಶ್ನಿಸುವವರು ಪ್ರಶ್ನೆಯನ್ನು ಬರೆದು ತರಲಿ, ಉತ್ತರವೂ ನಡಾವಳಿಗೆ ಸೇರಲಿ. ವರನ ಕಡೆಯವರು ಮೊದಲ ಭೇಟಿಯಲ್ಲಿಯೇ ‘ಏನನ್ನೂ ಸ್ವೀಕರಿಸುವುದಿಲ್ಲ’ ಎಂದು ಹೇಳಿ ಅಲ್ಲಿಗೇ ನಿಲ್ಲಿಸಲಿ.

ದಶಲಕ್ಷಣ ಪರ್ವದ ಕೊನೆಗೆ ಬರುವ ಕ್ಷಮಾವಾಣಿಯ ಹೆಸರಿನಲ್ಲಿಯೇ ವಾಣಿ ಇದೆ. ಆ ದಿನ ನೂರು ಜನರಿಗೆ ಒಂದೇ ಚಿತ್ರಸಂದೇಶ ಕಳುಹಿಸುವುದು ಸುಲಭ. ತುಂಬಿದ ಸಭೆಯಲ್ಲಿ ನೋಯಿಸಿದವರು ತುಂಬಿದ ಸಭೆಯಲ್ಲಿಯೇ ಎದ್ದು, ಅದೇ ವ್ಯಕ್ತಿಯ ಹೆಸರು ಹಿಡಿದು, ‘ಆ ಮಾತು ತಪ್ಪಾಗಿತ್ತು’ ಎಂದು ಹೇಳಿದಾಗಲೇ ಹಳೆಯ ಲೆಕ್ಕ ಚುಕ್ತಾ ಆಗುತ್ತದೆ. ಬರುವ ಕ್ಷಮಾವಾಣಿಯಂದು ಇಲ್ಲಿ ಕುಳಿತವರಲ್ಲಿ ಒಬ್ಬರಾದರೂ ಹಾಗೆ ಎದ್ದು ನಿಂತರೆ ಈ ಸಭೆ ಸಾರ್ಥಕ.