ಅಡ್ರಿನಲ್ ಗ್ರಂಥಿಯ ಕ್ಯಾನ್ಸರ್ ಮತ್ತು ರೋಗನಿರ್ಣಯ ಸಂಕೇತ: ಸದಸ್ಯರು ತಿಳಿದಿರಬೇಕಾದುದು

(ಗ್ರಾಮ ಪಂಚಾಯಿತಿ ಸದಸ್ಯರ ಆರೋಗ್ಯ ಮಾಹಿತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಒಬ್ಬರ ಮನೆ ಇನ್ನೊಬ್ಬರ ಹೆಸರಿನಲ್ಲಿ ಕಾಣಿಸಿಕೊಳ್ಳುವುದನ್ನು ತಾವೆಲ್ಲರೂ ಬಲ್ಲಿರಿ. ರೋಗಕ್ಕೂ ಇಂಥದೇ ಒಂದು ಸಂಖ್ಯೆಯುಂಟು. ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ ಈ ವರ್ಗೀಕರಣವನ್ನು ಐಸಿಡಿ ಎನ್ನುತ್ತಾರೆ. ಅದರ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಿದ್ದರೂ ಆಸ್ಪತ್ರೆಯ ಕಾಗದಗಳಲ್ಲಿ ನಮಗೆ ಹೆಚ್ಚಾಗಿ ಕಾಣಸಿಗುವುದು ಹತ್ತನೆಯ ಆವೃತ್ತಿಯ ಸಂಕೇತಗಳೇ. ಅಪರೂಪದ ರೋಗವೊಂದನ್ನು ಉದಾಹರಣೆಯಾಗಿಟ್ಟುಕೊಂಡು ಈ ಸಂಕೇತದ ಮಹತ್ವವನ್ನು ವಿವರಿಸಬಯಸುತ್ತೇನೆ.

ನಮ್ಮ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಚಿಕ್ಕ ಗ್ರಂಥಿಗಳೇ ಅಡ್ರಿನಲ್ ಗ್ರಂಥಿಗಳು. ಇವುಗಳ ಹೊರಪದರವು ಕಾರ್ಟಿಸಾಲ್, ಆಲ್ಡೋಸ್ಟಿರೋನ್ ಮೊದಲಾದ ಹಾರ್ಮೋನುಗಳನ್ನೂ ಒಳತಿರುಳು ಅಡ್ರಿನಲಿನ್ ಅನ್ನೂ ಸ್ರವಿಸುತ್ತವೆ. ಹೊರಪದರದ ಕ್ಯಾನ್ಸರ್ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವಂಥದು. ಮುಖ ದುಂಡಗಾಗುವುದು, ಹೊಟ್ಟೆ ಬೆಳೆದು ಕೈಕಾಲು ಸೊರಗುವುದು, ಹಠಾತ್ತಾಗಿ ಏರುವ ರಕ್ತದೊತ್ತಡ ಮತ್ತು ಸಕ್ಕರೆ, ಮಹಿಳೆಯರಲ್ಲಿ ಮೀಸೆಗೂದಲು, ಒಡೆದ ದನಿ ಇದರ ಲಕ್ಷಣಗಳಾಗಿರಬಹುದು. ಒಳತಿರುಳಿನ ಗೆಡ್ಡೆಯಲ್ಲಿ ತಲೆನೋವು, ಬೆವರು, ಎದೆಬಡಿತ ಆಗಾಗ ಅಲೆಯಂತೆ ಬಂದುಹೋಗುತ್ತವೆ. ಆದರೆ ಮುಖ ಊದಿದವರಿಗೆಲ್ಲ ಕ್ಯಾನ್ಸರ್ ಎಂದು ಭಾವಿಸಬಾರದು. ವೈದ್ಯರ ಸಲಹೆಯಿಲ್ಲದೆ ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ನುಂಗಿದವರಲ್ಲಿಯೂ ಇದೇ ರೂಪ ಕಾಣುತ್ತದೆ. ವಾಸ್ತವವಾಗಿ ಅದೇ ಹೆಚ್ಚು ಸಾಮಾನ್ಯವಾದ ಕಾರಣ. ಅಂಥವರು ಮಾತ್ರೆಯನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ.

ಈಗ ಸಂಕೇತಗಳನ್ನು ನೋಡೋಣ. ಕ್ಯಾನ್ಸರ್ ಅಡ್ರಿನಲ್ ಗ್ರಂಥಿಯಲ್ಲಿಯೇ ಹುಟ್ಟಿದ್ದರೆ ಅದರ ಸಂಕೇತ ಸಿ74. ಹೊರಪದರದಲ್ಲಾದರೆ ಸಿ74.0, ಒಳತಿರುಳಿನಲ್ಲಾದರೆ ಸಿ74.1, ಭಾಗ ನಿರ್ದಿಷ್ಟವಾಗದಿದ್ದರೆ ಸಿ74.9. ಶ್ವಾಸಕೋಶದಂತಹ ಬೇರೆ ಅಂಗದಲ್ಲಿ ಹುಟ್ಟಿ ಇಲ್ಲಿಗೆ ಹರಡಿದ್ದರೆ ಸಿ79.7. ಕ್ಯಾನ್ಸರ್ ಅಲ್ಲದ ಗೆಡ್ಡೆಯಾದರೆ ಡಿ35.0. ಸ್ವಭಾವ ಖಚಿತವಾಗದಿದ್ದರೆ ಡಿ44.1.

ಒಬ್ಬ ರೈತ ಮಹಿಳೆಗೆ ಹೊಟ್ಟೆನೋವಿಗಾಗಿ ಸ್ಕ್ಯಾನ್ ಮಾಡಿದಾಗ ಅಡ್ರಿನಲ್ ಗೆಡ್ಡೆ ಕಂಡಿತೆಂದು ಊಹಿಸಿಕೊಳ್ಳಿ. ಊರಿನಲ್ಲಿ ಅದು ಕೂಡಲೇ 'ಕಿಡ್ನಿ ಕ್ಯಾನ್ಸರ್' ಆಗಿಬಿಡುತ್ತದೆ. ಕಿಡ್ನಿಯ ಕ್ಯಾನ್ಸರಿನ ಸಂಕೇತ ಸಿ64. ಅದು ಬೇರೆಯೇ ರೋಗ. ಹೀಗೆ ಆಕಸ್ಮಿಕವಾಗಿ ಕಾಣುವ ಅಡ್ರಿನಲ್ ಗೆಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ವದಂತಿಯನ್ನು ನಂಬಿ ಆ ಕುಟುಂಬ ಜಮೀನು ಮಾರಲು ಹೊರಟರೆ ಅದನ್ನು ತಡೆಯಬಲ್ಲವರು ತಾವು. ಇದಕ್ಕೆ ವಿರುದ್ಧವಾಗಿ, ನಿಜವಾದ ಸಿ74.0 ರೋಗಿಯು 'ಏನೂ ಅಲ್ಲ' ಎಂದು ಮನೆಯಲ್ಲಿ ಕುಳಿತರೆ ಶಸ್ತ್ರಚಿಕಿತ್ಸೆಯ ಸಮಯ ಮೀರಿಹೋಗುತ್ತದೆ. ರೋಗ ಹರಡುವ ಮುನ್ನ ಗೆಡ್ಡೆಯನ್ನು ಪೂರ್ಣವಾಗಿ ತೆಗೆಯುವುದೇ ಇದರ ಮುಖ್ಯ ಚಿಕಿತ್ಸೆ.

ಸಂಕೇತ ನೀಡುವುದು ವೈದ್ಯರ ಹಾಗೂ ಆಸ್ಪತ್ರೆಯ ದಾಖಲೆ ವಿಭಾಗದ ಕೆಲಸ. ನಾವು ಅದನ್ನು ತಿದ್ದುವಂತಿಲ್ಲ. ನಮ್ಮಿಂದ ಆಗಬೇಕಾದುದು ಇಷ್ಟು:

1. ಗೆಡ್ಡೆ ಇಲ್ಲಿಯೇ ಹುಟ್ಟಿದ್ದೋ ಹರಡಿದ್ದೋ, ಕ್ಯಾನ್ಸರ್ ಹೌದೋ ಅಲ್ಲವೋ, ಹಾರ್ಮೋನ್ ಪರೀಕ್ಷೆ ಆಗಿದೆಯೋ ಎಂಬ ಮೂರು ಪ್ರಶ್ನೆಗಳನ್ನು ವೈದ್ಯರಲ್ಲಿ ಕೇಳಲು ಕುಟುಂಬಕ್ಕೆ ತಿಳಿಸುವುದು. ಒಳತಿರುಳಿನ ಗೆಡ್ಡೆಗೆ ಸೂಜಿ ಚುಚ್ಚಿದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಬಹುದಾದ್ದರಿಂದ, ಬಯಾಪ್ಸಿಗೆ ಮುನ್ನ ಹಾರ್ಮೋನ್ ಪರೀಕ್ಷೆ ಅಗತ್ಯ.

2. ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ಮತ್ತು ಬಯಾಪ್ಸಿ ವರದಿಗಳನ್ನು ಒಂದೇ ಕಡತದಲ್ಲಿ ಕಾಪಾಡುವಂತೆ ಹೇಳುವುದು. ಒಂದು ವರದಿಯಲ್ಲಿನ ಸಂಕೇತ ಇನ್ನೊಂದಕ್ಕೆ ಹೊಂದದಿದ್ದರೆ ಆಸ್ಪತ್ರೆಯಿಂದಲೇ ಸ್ಪಷ್ಟನೆ ಪಡೆಯಬೇಕು.

3. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವಿದೆ. ಯೋಜನೆಯ ಪ್ಯಾಕೇಜ್ ಸಂಖ್ಯೆಯೇ ಬೇರೆ, ರೋಗದ ಸಂಕೇತವೇ ಬೇರೆ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆಯಲು ನೆರವಾಗುವುದು.

4. ರೋಗಿ ಮೃತಪಟ್ಟಲ್ಲಿ ಸಾವಿನ ಕಾರಣ ಸರಿಯಾಗಿ ದಾಖಲಾಗುವಂತೆ ನೋಡುವುದು. ಆಸ್ಪತ್ರೆಯ ಸಾವಿಗೆ ನಮೂನೆ 4, ಮನೆಯ ಸಾವಿಗೆ ವೈದ್ಯರು ನೀಡುವ ನಮೂನೆ 4ಎ. 'ಹೃದಯಸ್ತಂಭನ' ಎಂಬುದು ಪ್ರತಿಯೊಂದು ಸಾವಿನ ಕೊನೆಯ ಘಟನೆ; ಕಾರಣವಲ್ಲ. ಸಾವಿಗೆ ದಾರಿಮಾಡಿದ ಮೂಲ ರೋಗವೇ ಅಲ್ಲಿ ನಮೂದಾಗಬೇಕು. ಮರಣ ಪ್ರಮಾಣಪತ್ರದಲ್ಲಿ ಕಾರಣ ಮುದ್ರಿತವಾಗುವುದಿಲ್ಲವಾದ್ದರಿಂದ ಕುಟುಂಬದವರು ಮರೆಮಾಚುವ ಅಗತ್ಯವಿಲ್ಲ.

ಅಪರೂಪದ ರೋಗದಲ್ಲಿ ಒಂದೊಂದು ದಾಖಲೆಯೂ ಅಮೂಲ್ಯ. ನೂರು ಜನರ ರೋಗದಲ್ಲಿ ಒಂದು ತಪ್ಪಿದರೆ ಲೆಕ್ಕ ಅಷ್ಟಾಗಿ ಕೆಡದು. ಇಡೀ ಜಿಲ್ಲೆಯಲ್ಲಿ ಒಬ್ಬರಿಗೆ ಮಾತ್ರ ಬಂದ ರೋಗವನ್ನು ತಪ್ಪು ಬರೆದರೆ, ಆ ವರ್ಷ ಆ ರೋಗ ಜಿಲ್ಲೆಯಲ್ಲಿ ಇರಲೇ ಇಲ್ಲವೆಂದಾಗುತ್ತದೆ. ಲೆಕ್ಕದಲ್ಲಿಲ್ಲದ ರೋಗಕ್ಕೆ ಔಷಧಿಯ ಬೇಡಿಕೆಯೂ ಇಲ್ಲ, ತಜ್ಞರ ಹುದ್ದೆಯೂ ಇಲ್ಲ. ಮುಂದಿನ ಗ್ರಾಮಸಭೆಯಲ್ಲಿ ಆಶಾ ಕಾರ್ಯಕರ್ತೆಯರೊಂದಿಗೆ ಈ ನಾಲ್ಕು ಅಂಶಗಳನ್ನು ಚರ್ಚಿಸಬೇಕೆಂದು ತಮ್ಮಲ್ಲಿ ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.