ಬಾಗಿಲಲ್ಲಿ ಕೇಳುವ ಪ್ರಶ್ನೆ

(ಸಂಘದ ಸಂಸ್ಥಾಪನಾ ದಿನಾಚರಣೆಯ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂಥ ದಿನ ನಾಡು ನುಡಿಯ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ನಾನು ಇಂದು ಸ್ವಲ್ಪ ಬೇರೆ ದಾರಿ ಹಿಡಿಯುತ್ತೇನೆ. ಸಂಘ ಎಂದ ಮೇಲೆ ಅದಕ್ಕೊಂದು ಬಾಗಿಲು ಇದ್ದೇ ಇರುತ್ತದೆ. ಪರಿಚಯವಿಲ್ಲದವರು ಬಂದು ನಿಂತಾಗ ಒಳಗಿರುವವರು ಏನು ಕೇಳಬೇಕು, ಏನು ಕೇಳಬಾರದು? ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡ ಒಂದು ಸಂಘ ಈ ಅಮೆರಿಕದಲ್ಲಿದೆ. ಪೇಟೆಯ ಬೀದಿಗಳಲ್ಲಿ ಕೈವಾರ ಮತ್ತು ಮೂಲೆಮಟ್ಟದ ಗುರುತು ಹೊತ್ತ ಹಳೆಯ ಕಟ್ಟಡಗಳನ್ನು ನೀವು ನೋಡಿರಬಹುದು. ಅವು ಫ್ರೀಮೇಸನ್ನರ ಲಾಡ್ಜ್‌ಗಳು. ಲಾಡ್ಜ್ ಎಂದೊಡನೆ ನಮಗೆ ಬೆಂಗಳೂರಿನ ಮೆಜೆಸ್ಟಿಕ್ ನೆನಪಾಗುತ್ತದೆ. ಅಲ್ಲಿ ರಿಜಿಸ್ಟರಿನಲ್ಲಿ ಹೆಸರು ಬರೆದು ಅಡ್ವಾನ್ಸ್ ಕೊಟ್ಟರೆ ರೂಮು ಸಿಗುತ್ತದೆ. ಈ ಲಾಡ್ಜಿನಲ್ಲಿ ಅಷ್ಟು ಸುಲಭವಾಗಿ ಕುರ್ಚಿಯೂ ಸಿಗುವುದಿಲ್ಲ!

ಇವರ ಮೊದಲ ಗ್ರ್ಯಾಂಡ್ ಲಾಡ್ಜ್ ಲಂಡನ್ನಿನಲ್ಲಿ 1717ರಲ್ಲಿ ಹುಟ್ಟಿತೆಂದು ಅವರ ಪರಂಪರೆ ಹೇಳುತ್ತದೆ. ಭಾರತದ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದದ್ದು 1961ರಲ್ಲಿ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ಎಂಬುದಿಲ್ಲ, ಆಯಾ ರಾಜ್ಯಕ್ಕೆ ಅದರದೇ ಗ್ರ್ಯಾಂಡ್ ಲಾಡ್ಜ್. ಒಂದು ಲಾಡ್ಜಿನ ಸದಸ್ಯ ಇನ್ನೊಂದಕ್ಕೆ ಅತಿಥಿಯಾಗಿ ಹೋಗುವ ಸಂಪ್ರದಾಯ ಮೊದಲಿನಿಂದಲೂ ಇದೆ. ಆದರೆ ಬಂದವನು ನಿಜವಾಗಿ ಸದಸ್ಯನೇ ಎಂದು ತಿಳಿಯುವುದು ಹೇಗೆ?

ಮಗನ ಮನೆಗೆಂದು ಬೆಂಗಳೂರಿನಿಂದ ಬಂದಿರುವ ಹಿರಿಯ ಸದಸ್ಯರೊಬ್ಬರು ಇಲ್ಲಿನ ಲಾಡ್ಜಿಗೆ ಹೋದರು ಎಂದಿಟ್ಟುಕೊಳ್ಳೋಣ. ಬಾಗಿಲ ಹೊರಗೆ ಕತ್ತಿ ಹಿಡಿದ ಕಾವಲುಗಾರ ಇರುತ್ತಾನೆ. ಅವನನ್ನು ಟೈಲರ್ ಎನ್ನುತ್ತಾರೆ. ಬಟ್ಟೆ ಹೊಲಿಯುವ ಟೈಲರ್ ಅಲ್ಲ! ಮೊದಲು ನೋಡುವುದು, ಅತಿಥಿಯ ಗ್ರ್ಯಾಂಡ್ ಲಾಡ್ಜಿಗೆ ಇಲ್ಲಿನವರ ಮಾನ್ಯತೆ ಇದೆಯೇ ಎಂದು. ಅದಕ್ಕೆ ಅಚ್ಚಾದ ಪಟ್ಟಿಯೇ ಇದೆ. ಆಮೇಲೆ ಸದಸ್ಯತ್ವದ ಪ್ರಮಾಣಪತ್ರ ಮತ್ತು ಚಂದಾ ಬಾಕಿ ಇಲ್ಲವೆಂದು ತೋರಿಸುವ ಕಾರ್ಡು. ಅದರ ಜೊತೆಗೆ ಭಾವಚಿತ್ರವಿರುವ ಗುರುತಿನ ಚೀಟಿಯನ್ನೂ ಕೇಳಬಹುದು.

ಕಾಗದ ಪತ್ರವನ್ನು ಯಾರು ಬೇಕಾದರೂ ಎತ್ತಿಕೊಂಡು ಬರಬಹುದಲ್ಲ? ಅದಕ್ಕೇ ಮುಂದಿನ ಹೆಜ್ಜೆ, ಜಾಮೀನು ಮಾತು. ಒಳಗಿರುವ ಯಾರಾದರೂ 'ನಾನು ಇವರ ಜೊತೆ ಲಾಡ್ಜಿನ ಸಭೆಯಲ್ಲಿ ಕುಳಿತಿದ್ದೇನೆ' ಎಂದರೆ ಸಾಕು. 'ಇವರೂ ಮೇಸನ್ ಅಂತೆ' ಎಂಬ ಅಂತೆ ಕಂತೆಗೆ ಅಲ್ಲಿ ಬೆಲೆಯಿಲ್ಲ. ಹಾಗೆ ಹೇಳುವವರು ಇಲ್ಲದಿದ್ದರೆ, ಎರಡು ಮೂರು ಜನ ಅನುಭವಸ್ಥರು ಅತಿಥಿಯನ್ನು ಪಕ್ಕದ ಕೋಣೆಗೆ ಕರೆದೊಯ್ದು ಪರೀಕ್ಷಿಸುತ್ತಾರೆ. ಅಮೆರಿಕದ ಹಲವು ಕಡೆ ಮೊದಲು ಪ್ರಮಾಣವನ್ನೂ ಮಾಡಿಸುತ್ತಾರೆ. ಗುಟ್ಟಿನ ಗುರುತುಗಳು, ಸಂಕೇತದ ಮಾತುಗಳು ಬಳಕೆಗೆ ಬರುವುದು ಇಲ್ಲಿ. ಅವು ಯಾವುವು ಎಂದು ನನ್ನನ್ನು ಕೇಳಬೇಡಿ!

ಆದರೆ ಒಂದು ಮಾತು ಗಮನಿಸಿ. ಒಂದು ಊರಿನ ವಿಧಿ ಇನ್ನೊಂದು ಊರಿನದರಂತೆ ಅಕ್ಷರಶಃ ಇರುವುದಿಲ್ಲ. ಆದ್ದರಿಂದ ವಿವೇಕಿಯಾದ ಪರೀಕ್ಷಕ ಬಾಯಿಪಾಠ ಒಪ್ಪಿಸಿ ಎನ್ನುವುದಿಲ್ಲ. ಈತ ಆ ಅನುಭವವನ್ನು ನಿಜವಾಗಿ ಹಾದು ಬಂದವನೇ ಎಂದಷ್ಟೇ ನೋಡುತ್ತಾನೆ. ತೃಪ್ತಿಯಾದರೆ ಪುಸ್ತಕದಲ್ಲಿ ರುಜು, ಕೈಹಿಡಿದು ಒಳಗೆ ಕರೆದೊಯ್ಯುವುದು, ಸಭೆಗೆ ಪರಿಚಯ, ಆಮೇಲೆ ಒಟ್ಟಿಗೆ ಊಟ. ಆ ಅಪರಿಚಿತ ಈಗ 'ಸಹೋದರ'. ಪರೀಕ್ಷೆ ಎಲ್ಲರಿಗೂ ಒಂದೇ ಆದ್ದರಿಂದ ಯಾರಿಗೂ ಅವಮಾನ ಎನಿಸುವುದಿಲ್ಲ.

ಎಲ್ಲರಿಗೂ ಒಂದೇ ಎಂಬುದು ತಪ್ಪಿದಾಗ ಏನಾಯಿತು ಎಂಬುದನ್ನೂ ಚರಿತ್ರೆ ಬರೆದಿಟ್ಟಿದೆ. ಬಾಸ್ಟನ್ನಿನ ಪ್ರಿನ್ಸ್ ಹಾಲ್ ಎಂಬ ಕರಿಯ ಮುಖಂಡ ಹದಿನಾಲ್ಕು ಸಂಗಡಿಗರೊಡನೆ 1775ರಲ್ಲಿ ಮೇಸನ್ ಆದ. 1784ರಲ್ಲಿ ಅವರ ಲಾಡ್ಜಿಗೆ ಇಂಗ್ಲೆಂಡಿನಿಂದಲೇ ಸನ್ನದು ಮಂಜೂರಾಯಿತು. ಆದರೂ ಅವರ ಪರಂಪರೆಯವರು ಬಂದು ಬಾಗಿಲು ತಟ್ಟಿದರೆ ಬಿಳಿಯರ ಲಾಡ್ಜ್‌ಗಳಿಂದ ಬರುತ್ತಿದ್ದ ಉತ್ತರ ಒಂದೇ: 'ನಿಮಗೆ ಮಾನ್ಯತೆ ಇಲ್ಲ'. ಕನೆಕ್ಟಿಕಟ್ ರಾಜ್ಯದ ಗ್ರ್ಯಾಂಡ್ ಲಾಡ್ಜ್ ಅವರನ್ನು ಮಾನ್ಯ ಮಾಡಿದ್ದು 1989ರಲ್ಲಿ. ಆಮೇಲೆ ಒಂದೊಂದೇ ರಾಜ್ಯ ಆ ದಾರಿ ಹಿಡಿಯಿತು. ಇನ್ನೂರು ವರ್ಷ ನಿಯಮದ ಹೆಸರಿನಲ್ಲಿ ಕಾವಲು ಕಾದದ್ದು ಬಣ್ಣವನ್ನು!

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. ಕಲ್ಕತ್ತೆಯ ಪ್ರಸನ್ನಕುಮಾರ ದತ್ತರು 1863ರಲ್ಲಿ ಸದಸ್ಯರಾಗಲು ಕೇಳಿದರು. ಹಲವು ದೇವರನ್ನು ಪೂಜಿಸುವ ಹಿಂದೂ ಸದಸ್ಯನಾಗುವುದು ಹೇಗೆ ಎಂದು ಅಲ್ಲಿನ ಬ್ರಿಟಿಷರು ಅಡ್ಡಿ ತೆಗೆದರು. ದತ್ತರು ಬಿಡಲಿಲ್ಲ. ಒಂಬತ್ತು ವರ್ಷಗಳ ಪತ್ರವ್ಯವಹಾರದ ನಂತರ, 1872ರಲ್ಲಿ, ಆಂಕರ್ ಅಂಡ್ ಹೋಪ್ ಲಾಡ್ಜ್ ಅವರನ್ನು ಸೇರಿಸಿಕೊಂಡಿತು. ಅದೇ ಲಾಡ್ಜಿಗೆ 1884ರಲ್ಲಿ ನರೇಂದ್ರನಾಥ ದತ್ತ ಎಂಬ ತರುಣ ಸೇರಿದ. ಮುಂದೆ ಅವರೇ ಸ್ವಾಮಿ ವಿವೇಕಾನಂದರಾದರು. ಬಾಗಿಲು ತೆರೆದವರಿಗೆ ಒಳಗೆ ಯಾರು ಬರುತ್ತಿದ್ದಾರೆ ಎಂಬುದು ಮೊದಲೇ ಗೊತ್ತಿರುವುದಿಲ್ಲ.

ಬಂಧುಗಳೇ, ನಮ್ಮ ಬಾಗಿಲಲ್ಲಿ ಕತ್ತಿ ಹಿಡಿದವರಿಲ್ಲ, ಕಾಫಿ ಹಿಡಿದವರಿದ್ದಾರೆ. ಆದರೆ ಪರೀಕ್ಷೆ ಇಲ್ಲವೇ? 'ಯಾವ ಊರು?' ಎಂದು ಕೇಳುತ್ತೇವೆ. ಅದು ಪ್ರೀತಿ. ಅದರ ಬೆನ್ನಿಗೇ 'ನೀವು ಯಾವ ಪೈಕಿ?' ಎಂಬುದು ಬಂದರೆ ಅದು ಪ್ರೀತಿಯಲ್ಲ. ಕನ್ನಡವರಲ್ಲದ ಸೊಸೆ ಸೀರೆಯುಟ್ಟು ಬಂದು ಮೂಲೆಯಲ್ಲಿ ಕುಳಿತಿದ್ದರೆ ಅವಳ ಪರವಾಗಿ ಜಾಮೀನು ಮಾತು ಹೇಳುವವರು ಯಾರು? ಇಲ್ಲೇ ಹುಟ್ಟಿದ ಹುಡುಗ 'ಅಜ್ಜಿ ಬಂದ' ಎಂದಾಗ ನಾವು ನಕ್ಕರೆ, ಅವನು ಮುಂದಿನ ಯುಗಾದಿಗೆ ಬಾಯಿ ತೆರೆಯುವುದಿಲ್ಲ. ಅದರ ಮುಂದಿನ ಯುಗಾದಿಗೆ ಬರುವುದೇ ಇಲ್ಲ.

ಲೆಕ್ಕ ಇಡೋಣ, ಚಂದಾ ಕೇಳೋಣ, ನಿಯಮ ಪಾಲಿಸೋಣ. ಅದರಲ್ಲಿ ಸಂಕೋಚ ಬೇಡ. ಆದರೆ ಬಾಗಿಲಲ್ಲಿ ಕೇಳುವ ಪ್ರಶ್ನೆ ಎಲ್ಲರಿಗೂ ಒಂದೇ ಇರಲಿ: 'ನಮ್ಮ ಜೊತೆ ಕೂಡುವ ಮನಸ್ಸಿದೆಯೇ?' ಇದೆ ಎಂದವರನ್ನು ಕೈಹಿಡಿದು ಒಳಗೆ ಕರೆತಂದು, ಹೆಸರು ಹೇಳಿ ಪರಿಚಯಿಸಿ, ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳೋಣ.

 ಜೈ ಕರ್ನಾಟಕ.