ಯೋಧನ ಮನಸ್ಸು ಕುಗ್ಗಿದಾಗ: ತುರ್ತು ಚಿಕಿತ್ಸೆ ಮತ್ತು ನಂತರದ ಆರೈಕೆ

(ಮಾಜಿ ಸೈನಿಕರು ಹಾಗೂ ಅವರ ಕುಟುಂಬದವರಿಗಾಗಿ ನಮ್ಮ ಆಸ್ಪತ್ರೆಯಲ್ಲಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ನೀಡಿದ ಉಪನ್ಯಾಸ)



ಬೆಳಗಾವಿ ಸೀಮೆಯಿಂದ ಕೊಡಗಿನವರೆಗೆ ನಮ್ಮ ನಾಡಿನ ಎಷ್ಟೋ ಮನೆಗಳಿಂದ ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ. ಯೋಧನಿಗೆ ಗುಂಡು ತಗುಲಿದರೆ ಊರಿಗೆ ಊರೇ ಮರುಗುತ್ತದೆ. ಮನಸ್ಸಿಗೆ ಪೆಟ್ಟು ಬಿದ್ದರೆ ಮಾತ್ರ ಮನೆಯವರಿಗೂ ತಿಳಿಯುವುದಿಲ್ಲ. ಕೆಲವೊಮ್ಮೆ ಅದು ತಿಳಿಯುವುದು ಅವನನ್ನು ಕ್ಯಾಜುವಲ್ಟಿಗೆ ಕರೆತಂದಾಗಲೇ. ಅಲ್ಲಿ ಏನು ಮಾಡಬೇಕು, ಅಲ್ಲಿಂದ ಮನೆಗೆ ಹೋದ ಮೇಲೆ ಏನು ಮಾಡಬೇಕು ಎಂಬುದೇ ಇಂದಿನ ವಿಷಯ.

ಯೋಧನು ಏಕೆ ಹೇಳಿಕೊಳ್ಳುವುದಿಲ್ಲ?

ನೋವು ಸಹಿಸುವುದೇ ಅವನು ಕಲಿತ ವಿದ್ಯೆ. ಹೇಳಿಕೊಂಡರೆ ಮೆಡಿಕಲ್ ಕೆಟಗರಿ ಇಳಿದೀತು, ಬಡ್ತಿ ನಿಂತೀತು, ಜೊತೆಯವರು ಹಗುರಾಗಿ ಕಂಡಾರು ಎಂಬ ಅಂಜಿಕೆ. ದೂರದ ಗಡಿಯಲ್ಲಿರುವಾಗ ಊರಿನ ಹೊಲದ ತಂಟೆ, ಸಾಲ, ಸಂಸಾರದ ಮನಸ್ತಾಪ ಫೋನಿನಲ್ಲಿ ಬಂದು ಕಾಡುತ್ತವೆ, ರಜೆ ಸಿಗುವುದಿಲ್ಲ. ನಿವೃತ್ತಿಯಾದವರ ಕಷ್ಟ ಬೇರೆ. ಅನೇಕರು ನಲವತ್ತರ ಆಸುಪಾಸಿನಲ್ಲೇ ಸಮವಸ್ತ್ರ ಬಿಚ್ಚಿಟ್ಟು ಬರುತ್ತಾರೆ. ಕೈಯಲ್ಲಿ ಪಿಂಚಣಿ ಇದ್ದರೂ ಬೆಳಗಾದರೆ ಕರೆಯುವ ಕೆಲಸವಿಲ್ಲ, ಜೊತೆಗಾರರಿಲ್ಲ.

ನಿದ್ದೆ ಕೆಡುವುದು, ಕುಡಿತ ಹೆಚ್ಚುವುದು, ಒಬ್ಬನೇ ಕೂರುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, "ನಾನಿಲ್ಲದಿದ್ದರೂ ಮನೆ ನಡೀತದ" ಎನ್ನುವುದು, ಇವೆಲ್ಲ ಎಚ್ಚರಿಕೆಯ ಲಕ್ಷಣಗಳು. ಇವು ಕಂಡರೆ ಸುತ್ತಿಬಳಸದೆ ಕೇಳಿರಿ: "ಸಾಯಬೇಕು ಅಂತ ಮನಸ್ಸಿಗೆ ಬರ್ತದೇನು ತಮ್ಮಾ?" ಹೀಗೆ ಕೇಳಿದರೆ ಇಲ್ಲದ ವಿಚಾರ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಕೇಳುವವರಿದ್ದಾರೆ ಎಂದು ತಿಳಿದೇ ಎಷ್ಟೋ ಮನಸ್ಸು ಹಗುರಾಗುತ್ತದೆ. ಹೌದೆಂದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ, ಆಸ್ಪತ್ರೆಗೆ ಕರೆತನ್ನಿ. ಏನಾದರೂ ಸೇವಿಸಿದ್ದರೆ ವಾಂತಿ ಮಾಡಿಸುವ ಮನೆಮದ್ದು ಬೇಡ. ಕೂಡಲೇ 108ಕ್ಕೆ ಕರೆ ಮಾಡಿ, ಅದರ ಡಬ್ಬಿ ಅಥವಾ ಚೀಟಿಯನ್ನೂ ಜೊತೆಗೆ ತನ್ನಿ.

ಆಣೆ ಮಾಡಿಸಿದರೆ ಸಾಕೆ?

ಜೀವ ಉಳಿದ ಮೇಲೆ ಮನೆಯವರು ಮೊದಲು ಮಾಡುವ ಕೆಲಸ ಆಣೆ ಮಾಡಿಸುವುದು. ತಾಯಿಯ ತಲೆ ಮುಟ್ಟಿಸಿ, ದೇವರ ಮುಂದೆ ನಿಲ್ಲಿಸಿ, "ಇನ್ನೊಮ್ಮೆ ಹಿಂಗ ಮಾಡೂದಿಲ್ಲ" ಎನ್ನಿಸುತ್ತಾರೆ. ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಆಣೆ ಅವನ ಬಾಯಿ ಕಟ್ಟುತ್ತದೆ. ಆ ವಿಚಾರ ಮತ್ತೆ ಬಂದಾಗ ಮಾತು ತಪ್ಪಿದವನಾದೆನಲ್ಲ ಎಂದು ನಾಚಿ ಯಾರಿಗೂ ಹೇಳುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ವಾರಗಳೇ ಹೆಚ್ಚು ಅಪಾಯದವು ಎಂಬುದನ್ನು ಮರೆಯಬಾರದು.

ಆಣೆಯ ಬದಲು ಏನು ಕೊಡಬಹುದು? ಇದಕ್ಕೆ ಅಮೆರಿಕದವರು ತಮ್ಮ ಮಾಜಿ ಸೈನಿಕರ ತುರ್ತು ಚಿಕಿತ್ಸೆಯಲ್ಲಿ ಒಂದು ಒಳ್ಳೆಯ ದಾರಿ ಕಂಡುಕೊಂಡಿದ್ದಾರೆ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಮನೋವಿಜ್ಞಾನಿಗಳು 2008ರಲ್ಲಿ ಅಲ್ಲಿನ ಮಾಜಿ ಸೈನಿಕರ ಇಲಾಖೆಗಾಗಿ 'ಸುರಕ್ಷತಾ ಯೋಜನೆ'ಯ ಕೈಪಿಡಿ ಸಿದ್ಧಪಡಿಸಿದರು. ರೋಗಿಯೂ ಚಿಕಿತ್ಸಕರೂ ಕೂಡಿ ಕುಳಿತು, ರೋಗಿಯ ಮಾತಿನಲ್ಲೇ ಒಂದು ಹಾಳೆಯಲ್ಲಿ ಆರು ಸಂಗತಿ ಬರೆಯುತ್ತಾರೆ:

1. ಮನಸ್ಸು ಕೆಡಲಾರಂಭಿಸಿದೆ ಎಂದು ತನಗೆ ಹೇಗೆ ಗೊತ್ತಾಗುತ್ತದೆ?
2. ಆಗ ತಾನೊಬ್ಬನೇ ಏನು ಮಾಡಬಹುದು? ನಡೆದಾಡುವುದೇ, ಹಾಡು ಕೇಳುವುದೇ?
3. ಮನಸ್ಸು ಬೇರೆಡೆ ತಿರುಗಲು ಎಲ್ಲಿಗೆ, ಯಾರ ಬಳಿಗೆ ಹೋಗಬಹುದು?
4. ಬಾಯಿಬಿಟ್ಟು ಸಹಾಯ ಕೇಳಬಹುದಾದ ಮನೆಯವರು, ಗೆಳೆಯರು ಯಾರು?
5. ವೈದ್ಯರ, ಸಹಾಯವಾಣಿಯ ದೂರವಾಣಿ ಸಂಖ್ಯೆ ಯಾವುದು?
6. ಜೀವಕ್ಕೆ ಅಪಾಯ ತರುವ ವಸ್ತುಗಳನ್ನು ಮನೆಯಿಂದ ದೂರ ಮಾಡುವುದು ಹೇಗೆ?

ಹಾಳೆ ಕೊಟ್ಟು ಕಳಿಸಿ ಸುಮ್ಮನಾಗುವುದಿಲ್ಲ. ಬಿಡುಗಡೆಯಾದ 72 ಗಂಟೆಯೊಳಗೆ ಆಸ್ಪತ್ರೆಯವರೇ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುತ್ತಾರೆ. ಕನಿಷ್ಠ ಎರಡು ಸಲ ಹೀಗೆ ವಿಚಾರಿಸುತ್ತಾರೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಜಿ ಸೈನಿಕರ 9 ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ 1,640 ರೋಗಿಗಳನ್ನು ಹೋಲಿಸಿ ನೋಡಲಾಯಿತು. ಮುಂದಿನ 6 ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ, ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇಕಡ 5ಕ್ಕಿಂತ ತುಸು ಹೆಚ್ಚಿತ್ತು. ಹಾಳೆ ಮತ್ತು ಫೋನ್ ಕರೆ ಎರಡೂ ದೊರೆತವರಲ್ಲಿ ಸುಮಾರು ಶೇಕಡ 3. ಇದಕ್ಕೆ ದೊಡ್ಡ ಯಂತ್ರವೂ ಬೇಡ, ದುಬಾರಿ ಔಷಧವೂ ಬೇಡ.

ಇದಕ್ಕೂ ಮೊದಲೇ ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೊಟ್ಟೊ ಇಂಥದೇ ಕೆಲಸ ಮಾಡಿದ್ದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದ ಅವರಿಗೆ, ದೂರದ ನೆಲದಲ್ಲಿರುವಾಗ ಕೈಸೇರುವ ಕಾಗದದ ಬೆಲೆ ಗೊತ್ತಿತ್ತು. ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದಿದ್ದ 843 ಜನರಲ್ಲಿ ಅರ್ಧಕ್ಕೆ ತುಸು ಕಡಿಮೆ ಮಂದಿಗೆ ಅವರ ತಂಡದವರು ಐದು ವರ್ಷ ಚಿಕ್ಕ ಚಿಕ್ಕ ಕಾಗದ ಬರೆದರು. ಕಾಗದದಲ್ಲಿ ಬುದ್ಧಿವಾದವಿರಲಿಲ್ಲ, ಕ್ಷೇಮಸಮಾಚಾರವಷ್ಟೇ ಇತ್ತು. ಮೊದಲ ಎರಡು ವರ್ಷಗಳಲ್ಲಿ ಕಾಗದ ಬಂದವರಲ್ಲಿ ಆತ್ಮಹತ್ಯೆ ಗಣನೀಯವಾಗಿ ಕಡಿಮೆಯಿತ್ತು ಎಂದು ಅವರು 2001ರಲ್ಲಿ ವರದಿ ಮಾಡಿದರು.

ನಮ್ಮ ಮನೆಗಳಲ್ಲಿ ಏನು ಮಾಡಬೇಕು?

ರಜೆಯ ಮೇಲೆ ಬಂದ ಮಗನಿಗೂ ನಿವೃತ್ತನಾದ ಮನೆಯ ಯಜಮಾನನಿಗೂ ಇದನ್ನೇ ಮಾಡಬಹುದು. ಡಿಸ್‌ಚಾರ್ಜ್ ಮಾಡಿಸುವ ಮೊದಲು ವೈದ್ಯರೊಂದಿಗೆ ಕುಳಿತು ಈ ಆರು ಸಂಗತಿ ಬರೆಸಿಕೊಳ್ಳಿ. ಕ್ರಿಮಿನಾಶಕವನ್ನು ಮನೆಯಲ್ಲಿಡಬೇಡಿ, ಬೀಗ ಹಾಕಿ, ಕೀಲಿಯನ್ನು ಬೇರೆಯವರ ಬಳಿ ಇಡಿ. ಮಾತ್ರೆಗಳನ್ನು ಅಂದಂದಿಗೆ ಬೇಕಾದಷ್ಟೇ ಕೈಗೆ ಕೊಡಿ. ಲೈಸೆನ್ಸ್ ಇರುವ ಬಂದೂಕಿದ್ದರೆ ಮನಸ್ಸು ತಿಳಿಯಾಗುವವರೆಗೆ ಅದನ್ನು ಮನೆಯಿಂದ ಹೊರಗೆ ಕಾನೂನು ರೀತ್ಯ ಇರಿಸುವ ಬಗ್ಗೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. ಕ್ಯಾಂಟೀನಿನಿಂದ ಬರುವ ಮದ್ಯವನ್ನೂ ನಿಲ್ಲಿಸಿ. ಸಾಯುವ ಆವೇಗ ಬಹಳ ಸಲ ಅಲೆಯಂತೆ ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಮಾಜಿ ಸೈನಿಕರು ಇ.ಸಿ.ಎಚ್.ಎಸ್. ಪಾಲಿಕ್ಲಿನಿಕ್ಕಿನಲ್ಲಿ, ಸೇವೆಯಲ್ಲಿರುವವರು ಸೇನಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಂದುವರಿಸಬಹುದು. ಆದರೆ ತುರ್ತು ಇದ್ದಾಗ ಹತ್ತಿರದ ಆಸ್ಪತ್ರೆಯೇ ಸರಿ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸೈನಿಕರು ಮತ್ತು ಅವರ ಕುಟುಂಬದವರಿಗಾಗಿ ಇದರ ವಿಶೇಷ ಘಟಕವನ್ನು 2023ರ ಡಿಸೆಂಬರ್ 1ರಂದು ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಲಾಯಿತು.

ಕೊನೆಯದಾಗಿ ಇಲ್ಲಿರುವ ಮಾಜಿ ಸೈನಿಕರಲ್ಲಿ ಒಂದು ವಿನಂತಿ. ನಿಮ್ಮ ತುಕಡಿಯಲ್ಲಿ ಜೊತೆಗಿದ್ದು, ಈಗ ಮಾತು ಕಡಿಮೆ ಮಾಡಿರುವ ಒಬ್ಬ ಗೆಳೆಯನಾದರೂ ನಿಮಗೆ ನೆನಪಾದಾನು. ಇಂದು ಸಂಜೆಯೇ ಅವನಿಗೆ ಫೋನ್ ಮಾಡಿ, ಊಟವಾಯಿತೇ ಎಂದು ಕೇಳಿ. ಮುಂದಿನ ವಾರ ಮತ್ತೆ ಕೇಳಿ.